ಸಂಬಂಧ ಎಂಬ ಕಾಲಮ್ಮು

ವಾಸ್ಕೋ ಸ್ಟೇಷನ್ನಿನ ಎದುರು, ಹೊಲಿಗೆ ಅಂಗಡಿಯ ಮೇಲೆ
ನನ್ನ ಕೋಣೆ. ಎರಡು ಕುರ್ಚಿ, ನಡುವೆ ಮೇಜಿಲ್ಲ.
ಕೆಳಗೆ ಮಷೀನು ತುಳಿದಾಗಲೆಲ್ಲ
ನೆಲ ಸಣ್ಣಗೆ ನಡುಗುತ್ತದೆ.
ಬಂದವರು ಮೊದಮೊದಲು
ತಾವೇ ನಡುಗಿದೆವೆಂದು ತಿಳಿಯುತ್ತಾರೆ.

ದುಂಡಪ್ಪ ಬಂದದ್ದು ಒಂದು ಬುಧವಾರ,
ಬೈನಾದ ಖೋಲಿಯಿಂದ ನಡೆದುಕೊಂಡೇ.
ಕತ್ತಿನವರೆಗೂ ಗುಂಡಿ ಹಾಕಿ
ಸಾಲ ಕೇಳಲು ಬಂದವರಂತೆ ಕುರ್ಚಿಯ ತುದಿಗೆ ಕೂತರು.
ಫಾರ್ಮು ತುಂಬಿದೆ. ವಯಸ್ಸು ಐವತ್ತೆಂಟು,
ಊರು ಮುಧೋಳದ ಹತ್ತಿರ, ಕೆಲಸ ಬಾರ್ಜಿನ ಇಂಜಿನ್ನು.
ತೀರಿಕೊಂಡವರು: ಕಾಯ್ತಾನ್.
ಸಂಬಂಧ?
'ಏನಿಲ್ರೀ. ಒಂದ ಖೋಲ್ಯಾಗ ಇದ್ವಿ.'
ಎಷ್ಟು ದಿನ?
'ಇಪ್ಪತ್ತೆರಡು ವರ್ಷ.'
'ಗೆಳೆಯ' ಎಂದು ಬರೆದೆ.
ಅವರು ನನ್ನ ಪೆನ್ನನ್ನೇ ನೋಡುತ್ತಿದ್ದರು.

ಮಡಗಾಂವದಲ್ಲಿ ನನಗೆ ಕಲಿಸಿದಾಕೆ ಹೇಳಿದ್ದಳು:
ಅಳುವವರ ಕೈಗೆ ಕರವಸ್ತ್ರ ತುರುಕಬೇಡ,
ಅದು 'ಇನ್ನು ಸಾಕು' ಎಂದಂತೆ ಕೇಳಿಸುತ್ತದೆ.
ದಾರಿ ಗೊತ್ತಿರುವುದು ನಡೆಯುವವರಿಗೆ,
ನೀನು ಜೊತೆಗೆ ಹೋಗು, ಮುಂದೆ ಓಡಬೇಡ.
ಕೇಳಲು ಸುಲಭ.
ಸುಮ್ಮನಿರುವುದೆಂದರೆ ನನ್ನ ನಾಲಿಗೆಯ ಮೇಲೆ
ನಾನೇ ಕೂತಿರುವುದು, ಐವತ್ತು ನಿಮಿಷ.

ಎರಡು ವಾರ ಬರೀ ಪಂಪು, ಗ್ಯಾಸ್ಕೆಟ್ಟು,
ಇಳಿತದಲ್ಲಿ ಜುವಾರಿಯ ಕೆಸರಿಗೆ ಹೂತ ತಳ.
ಮೂರನೆಯ ವಾರ, ಯಾರೋ ಕೇಳಿದರೆಂಬಂತೆ:
'ಇಗರ್ಜ್ಯಾಗ ನಾ ಹಿಂದ ನಿಂತಿದ್ದೆ,
ಸೈಕಲ್ ನಿಲ್ಲಸ್ತಾರಲ್ಲ, ಅಲ್ಲಿ.
ಅವನ ಅಕ್ಕ ಚಿಂಚಿಣಿಯಿಂದ ಬಂದಿದ್ಲು.
ಅವಂದು ಕೈಗಡಿಯಾರ, ಪಾಸ್‌ಬುಕ್ಕು, ಹೊಸಾ ಬೂಟು
ಎಲ್ಲಾ ಒರೆಸಿ, ಹೊಂದಿಸಿ ಕೊಟ್ಟೆ.
ಎಲ್ಲಾರ ಕೈ ಹಿಡದು ಸಮಾಧಾನ ಹೇಳಿದ್ರು.
ನನಗ, ಚಾ ತರ್ತೀರೇನ್ರೀ ಅಂದ್ರು.
ತಂದು ಕೊಟ್ಟೆ. ಹದಿನೆಂಟು ಕಪ್ಪು.'

ಶೇವಿಂಗ್ ಬ್ರಶ್ಶೊಂದು ಉಳಿದಿದೆಯಂತೆ.
ದಿನಾ ಮುಂಜಾನೆ ನೀರಿಗದ್ದಿ, ಕೊಡವಿ,
ಕಿಟಕಿಯಲ್ಲಿ ನಿಲ್ಲಿಸುತ್ತಾರಂತೆ.
'ಒಣಗಬಾರ್ದು ನೋಡ್ರಿ.'
ನನ್ನೊಳಗೆ ಒಬ್ಬಳು ಎದ್ದು ನಿಂತಳು,
ಎಂಟು ತಿಂಗಳಾಯಿತು, ಇನ್ನು ಬಿಡಬೇಕಲ್ಲವೇ ಎನ್ನಲು.
ಅವಳನ್ನು ಕೂರಿಸಿ ಇಷ್ಟೇ ಅಂದೆ:
'ಒಣಗಬಾರದು.'
ಅವರು ಕತ್ತಿನ ಗುಂಡಿ ಬಿಚ್ಚಿದರು.

'ಅಕ್ಕಿ ಎಷ್ಟ ಹಾಕ್ಲಿ, ಮೇಡಂ?
ಕೈಗೆ ಎರಡು ಪಾವಿನ ರೂಢಿ.
ಒಂದ ಹಾಕಿದ್ರ ಪಾತೇಲಿ ಸಪ್ಪಳಾನ ಬ್ಯಾರೇ.'
ನನಗೆ ಗೊತ್ತಿರಲಿಲ್ಲ. ಗೊತ್ತಿದೆಯೆಂಬ ಮುಖ ಹಾಕಲು
ಅವತ್ತು ಆಗಲೂ ಇಲ್ಲ.
ತಿಳಿಯದು ದುಂಡಪ್ಪನವರೇ, ಎಂದೆ.
ಮೊದಲ ಸಲ ನಕ್ಕರು.
'ಹಂಗಾರ ಇಬ್ಬರಾದ್ವಿ ಬಿಡ್ರಿ.'

ಏಳನೆಯ ವಾರ.
'ನಿಮ್ಮ ಗೆಳೆಯ ಹೋದ ಮೇಲೆ...' ಎನ್ನುತ್ತಿದ್ದೆ,
ಕೈಯೆತ್ತಿ ತಡೆದರು.
ಕೆಳಗೆ ಮಷೀನು ನಿಂತಿತ್ತು.
ಕಿಟಕಿಯ ಸರಳಿಗೆ ಅದಿರಿನ ಕೆಂಪು ಧೂಳು.
'ಗೆಳೆಯ ಅಲ್ರೀ.'
ಸ್ಟೇಷನ್ನಿಗೆ ರೈಲೊಂದು ಬಂತು, ಜನ ಇಳಿದರು,
ಕೂಲಿಗಳು ಕೂಗಿ ಸುಸ್ತಾದರು.
'ನಮ್ಮ ಮನಿಯವ್ರು.'

ನಮ್ಮ ಕಡೆ ಹೆಂಗಸರು ಆಡುವ ಮಾತು.
ಹೆಸರೆತ್ತಬಾರದೆಂದು
ಗೋಡೆ, ಒಲೆ, ಹೊಸ್ತಿಲು ಎಲ್ಲವನ್ನೂ
ಒಬ್ಬ ಮನುಷ್ಯನಿಗೆ ಹೊದಿಸುವ ಮಾತು.
ತಗಡು ಹೊದಿಸಿದ ಹತ್ತಡಿಯ ಖೋಲಿ
ನನ್ನ ಕೋಣೆಯೊಳಗೆ ಬಂದು ನಿಂತಿತು.

ಆಮೇಲೆ ಅತ್ತರು. ಕಾಗದದ ವಸ್ತ್ರದ ಡಬ್ಬಿ ಇದ್ದಲ್ಲೇ ಇತ್ತು.
ನನ್ನ ಕಣ್ಣೂ ಒದ್ದೆಯಾದವು, ಮುಚ್ಚಿಡಲಿಲ್ಲ.
ಅಲ್ಲಿಂದಾಚೆ ಅವರ ಮಾತಿನಲ್ಲಿ
'ಅವ' ಹೋಗಿ 'ಅವರು' ಬಂದರು:
ಅವರು ಈಜು ಕಲಿಸಿದ್ರು, ಅವರು ಗೊರಕಿ ಹೊಡೀತಿದ್ರು,
ಅವರಿಗೆ ನನ್ನ ಸಾರು ಸೇರ್ತಿರಲಿಲ್ಲ, ಸುಳ್ಳ ಹೊಗಳತಿದ್ರು.

ಮುಂದಿನ ಬುಧವಾರ ಫಾರ್ಮನ್ನು ಅವರ ಕೈಗೇ ಕೊಟ್ಟೆ.
ನನ್ನ ಅಕ್ಷರಕ್ಕೆ ಒಂದು ಗೀಟು ಎಳೆದು
ಲಾಗ್‌ಬುಕ್ಕಿನ ದಪ್ಪ ಕೈಬರಹದಲ್ಲಿ ತಿದ್ದಿದರು.
ಒತ್ತಿ ಬರೆದದ್ದು ಹಿಂಬದಿಗೂ ಮೂಡಿತ್ತು.

ಮೆಟ್ಟಿಲಿಳಿಯುವಾಗ ತಿರುಗಿ:
'ಈ ವಾರ ಒಂದೂವರಿ ಪಾವು ಹಾಕಿದೆ.'
ಸರಿಹೋಯಿತೇ?
'ಸ್ವಲ್ಪ ಉಳೀತು.
ಉಳೀಲಿ ಬಿಡ್ರಿ.'