ಎಣ್ಣೆ ಕಾಯುವ ಹೊತ್ತು

ಗಾಂಧಿನಗರದ ಲಾಡ್ಜು, ಮೂರನೇ ಮಹಡಿ.
ಗೋಡೆಗೆ ನಲವತ್ತೆರಡು ಚೀಟಿ ಅಂಟಿಸಿದ್ದೇನೆ,
ಫ್ಯಾನು ತಿರುಗಿದರೆ ಕಥೆಯೆಲ್ಲ ಒಟ್ಟಿಗೆ ಉಸಿರಾಡುತ್ತದೆ.
ಹಳದಿ ನಾಯಕಿಯದು, ನೀಲಿ ಅವಳ ಅಣ್ಣನದು,
ಗುಲಾಬಿ ನಿರ್ಮಾಪಕರದು:
‘ಹತ್ತನೇ ನಿಮಿಷಕ್ಕೆ ಒಂದು ಫೈಟು.’
ಇಪ್ಪತ್ಮೂರನೆಯದು ಖಾಲಿ.
ಅದು ಇಂಟರ್‌ವಲ್.

ಹನ್ನೊಂದು ದಿನದಿಂದ ಖಾಲಿ.
ಬೀಜ, ಮೊಳಕೆ, ತಿರುವು, ತುದಿ, ಕಲಿತದ್ದೆಲ್ಲ ನೆನಪಿದೆ.
ಪೆನ್ಸಿಲ್ಲಿನಲ್ಲಿ ಗುಡ್ಡದ ಗೆರೆ ಎಳೆಯಬಲ್ಲೆ.
ಗುಡ್ಡದ ನೆತ್ತಿಯಲ್ಲಿ ನಿಲ್ಲಲು ಮಾತ್ರ
ನನ್ನ ಹುಡುಗಿ ಒಪ್ಪುತ್ತಿಲ್ಲ.

ಟೀ ತರುವ ಪಿಳ್ಳಪ್ಪ ಬಾಗಿಲಲ್ಲೇ ನಿಂತು ನೋಡಿದ.
‘ಇದೇನಮ್ಮ, ಚೀಟಿ ವ್ಯವಹಾರಾನಾ?’
ಸಿನಿಮಾ, ಅಂದೆ.
‘ಓ’ ಅಂದ. ಗ್ಲಾಸಿಟ್ಟ. ಹೋಗಲಿಲ್ಲ.

ಕೆಂಪೇಗೌಡ ರಸ್ತೆಯಲ್ಲಿ, ಈಗ ಬಟ್ಟೆ ಮಳಿಗೆ ಇರುವ ಕಡೆ,
ಒಂದು ಥಿಯೇಟರಿತ್ತಂತೆ. ಅದರ ಕ್ಯಾಂಟೀನಿನಲ್ಲಿ
ಇಪ್ಪತ್ತಾರು ವರ್ಷ ಬೋಂಡಾ ಕರಿದವನು ಇವನು.
ಒಂದು ಸಿನಿಮಾನೂ ನೋಡಿದವನಲ್ಲ.
ಗೋಡೆಗೆ ಬೆನ್ನು ಕೊಟ್ಟು ಕೇಳಿದವನು.

‘ಎಣ್ಣೆ ಕಾಯೋಕೆ ಹನ್ನೆರಡು ನಿಮಿಷ ಬೇಕು.
ಗಡಿಯಾರ ನಂಬಿದ್ರೆ ಕೆಟ್ಟೆ, ಒಂದೊಂದು ಪಿಚ್ಚರು ಒಂದೊಂದು ಥರ.
ಗೋಡೆ ಹೇಳೋದು.
ಮೊದಲು ಎಲ್ಲ ನಗ್ತಾರೆ. ಆಮೇಲೆ ಒಬ್ಬರೋ ಇಬ್ಬರೋ.
ಆಮೇಲೆ ಬರೀ ಕೆಮ್ಮು ಕೇಳುತ್ತೆ.
ಕೆಮ್ಮೂ ನಿಂತಾಗ ಒಲೆ ಹಚ್ಚಬೇಕು.’

ನಾನು ಪೆನ್ಸಿಲ್ಲು ಕೆಳಗಿಟ್ಟೆ.

‘ಪಿಚ್ಚರು ಸುಮಾರಾಗಿದ್ರೆ ಆಚೆ ಬಂದು ಚಟ್ನಿ ನೀರು ಅಂತಾರೆ,
ಎಂಟಾಣೆಗೆ ಜಗಳ ಆಡ್ತಾರೆ.
ಚೆನ್ನಾಗಿದ್ರೆ ಚಿಲ್ಲರೆ ಮರೀತಾರೆ.
ಒಂದ್ಸಲ ಒಬ್ಬ ಬೋಂಡಾ ಕೈಲಿ ಹಿಡ್ಕೊಂಡೇ ನಿಂತಿದ್ದ,
ಬೆಲ್ಲಾಯ್ತು, ಹಂಗೇ ಒಳಗೆ ಹೋದ. ತಿಂದನೋ ಇಲ್ವೋ.’

ಉಳಿದರ್ಧ?

‘ಉಳಿದರ್ಧ ನನಗೆ ನಲ್ಲಿ ಸದ್ದು. ಬಾಣಲೆ, ತಟ್ಟೆ, ನಾನೂರು ಲೋಟ.
ಮುಗಿದ ಮೇಲೆ ಜನ ಹಿಂದಿನ ಗೇಟಲ್ಲಿ ಹೋಗೋರು.
ಅತ್ತಿದ್ರೋ ನಕ್ಕಿದ್ರೋ, ಮುಖ ಕಂಡಿಲ್ಲ.’

ಕೆಳಗೆ ಯಾರೋ ಯಶವಂತಪುರ ಯಶವಂತಪುರ ಎಂದು
ಹೋಗದ ಬಸ್ಸಿಗೆ ಜನ ಕರೆಯುತ್ತಿದ್ದ.
ಪಿಳ್ಳಪ್ಪ ಖಾಲಿ ಚೀಟಿಯ ಎದ್ದ ಮೂಲೆಯನ್ನು
ಉಗುರಿನಿಂದ ಒತ್ತಿ ಕೂರಿಸಿದ.

‘ಒಂದು ಶನಿವಾರ, ಎಣ್ಣೆ ಕಾದಿತ್ತು. ಅಕ್ಕಯಮ್ಮ ಬಂದ್ಲು,
ನಮ್ಮನೆಯೋಳು. ಎಂದೂ ಅಲ್ಲಿಗೆ ಬಂದೋಳಲ್ಲ.
ಮಾಗಡಿ ರೋಡಿಂದ ನಡೆದೇ ಬಂದಿದ್ಲು, ಚಪ್ಪಲಿ ಕೈಯಲ್ಲಿ.
ಏನೋ ಹೇಳ್ಬೇಕು ಅಂದ್ಲು.
ಆಗ್ಲೇ ಬಾಗಿಲು ತೆಗೆದ್ರು, ಎಂಟುನೂರು ಜನ.
ಇಂಟರ್‌ವಲ್ ಮುಗೀಲಿ ತಡಿ, ಅಂದೆ.’

ಆಮೇಲೆ?

ಗ್ಲಾಸು ಎತ್ತಿಕೊಂಡ. ಅದರಲ್ಲಿ ಇನ್ನೂ ಟೀ ಇತ್ತು.
ಆಮೇಲೆ, ಅಂದೆ ಮತ್ತೆ, ನಾಚಿಕೆಯಿಲ್ಲದೆ.
ಮೆಟ್ಟಿಲಲ್ಲಿ ಅವನ ಚಪ್ಪಲಿ ಸದ್ದು, ಎರಡನೇ ಮಹಡಿ, ಒಂದನೇ.

ಆ ರಾತ್ರಿ ಬರೆದೆ. ಕದ್ದೆ ಅನ್ನಬೇಕು.
‘ಹಸಿರು ಸೀರೆ. ಕೈಯಲ್ಲಿ ಚಪ್ಪಲಿ.
ಜನ ಅವಳನ್ನು ದಾಟಿ ನುಗ್ಗುತ್ತಾರೆ.
ಅವಳು ಬಾಯಿ ತೆರೆಯುತ್ತಾಳೆ.’
ಅಂಟಿಸಿದ ಮೇಲೆ ಎಡಗಡೆಯ ಇಪ್ಪತ್ತೆರಡೂ
ಇದಕ್ಕಾಗಿಯೇ ಕಾದವರ ಹಾಗೆ ಕಂಡವು.
ಬಲಗಡೆಯ ಹತ್ತೊಂಬತ್ತು ಸುಳ್ಳು.
ಒಂದೊಂದಾಗಿ ಕಿತ್ತೆ, ಜೊತೆಗೆ ಒಂದಿಷ್ಟು ಸುಣ್ಣವೂ ಬಂತು.

ಬೆಳಿಗ್ಗೆ ಏಳಕ್ಕೆ ಪಿಳ್ಳಪ್ಪ ಟೀ ತಂದ.
ಅರ್ಧ ಬರಿದಾದ ಗೋಡೆ ನೋಡಿದ.
ಕೊನೇ ಚೀಟಿಯ ಮುಂದೆ ನಿಂತು
ತುಟಿ ಅಲ್ಲಾಡಿಸುತ್ತ ಅಕ್ಷರ ಕೂಡಿಸಿ ಕೂಡಿಸಿ ಓದಿದ.
ಕಾದೆ.

‘ಹಸಿರಲ್ಲಮ್ಮ’ ಅಂದ.
ಯಾವ ಬಣ್ಣ ಅಂತ ಹೇಳಲಿಲ್ಲ.
ಟೀ ದುಡ್ಡು ಕೇಳಲಿಲ್ಲ, ಇಳಿದು ಹೋದ.
ಇಪ್ಪತ್ತರ ನೋಟು ನನ್ನ ಕೈಯಲ್ಲೇ ಉಳಿಯಿತು.