ಆಕ್ಷೇಪಣೆ ಹದಿನೇಳಕ್ಕೆ ಸಮಜಾಯಿಷಿ

ಮಾನ್ಯರೇ,
ಇಳಕಲ್ ನಗರಸಭೆಯ ಕಿರಿಯ ಗುಮಾಸ್ತೆ ನಾನು.
ಕೆಂಪು ಶಾಯಿಯಲ್ಲಿ ತಾವು ಕೇಳಿದ್ದೀರಿ:
ಬಸ್ ನಿಲ್ದಾಣದ ಬಾಜೂಕಿನ ಆ ಕಲ್ಲು
ಕಟ್ಟಡವೋ, ಪೀಠೋಪಕರಣವೋ, ಅಲಂಕಾರವೋ?
ಖರ್ಚನ್ನು "ಇತರೆ"ಗೆ ಹಾಕಿದ್ದು ಯಾಕೆ?

ಮೊದಲು ಮೂವರ ಹೆಸರು ದಾಖಲಾಗಲಿ.

ಕಸ್ತೂರಿ ಹಟಗಾರ. ಹುಬ್ಬಳ್ಳಿಯಲ್ಲಿ ಆರ್ಕಿಟೆಕ್ಚರ್ ಓದಿ ಬಂದವಳು,
ಮನೆಯ ನಕ್ಷೆ ಕೇಳಲು ಬಂದವರಿಗೆ
"ಬಿಸಲು ಎಲ್ಲಿ ಬೀಳ್ತದರಿ?" ಅಂತ ತಿರುಗಿ ಕೇಳಿ
ಎರಡು ಗಿರಾಕಿ ಕಳಕೊಂಡವಳು.
ಮೌಲಾಲಿ ನದಾಫ. ಲಾರಿಗಳ ಬೆನ್ನಿಗೆ ನವಿಲು ಬರೆಯುವವ.
ಚಿತ್ರಕಲಾ ಶಾಲೆಯಲ್ಲಿ ನವಿಲು ಬ್ಯಾಡ ಅಂದರಂತೆ,
ಲಾರಿಯವರು ನವಿಲು ಬಿಟ್ಟು ಬ್ಯಾರೆ ಬ್ಯಾಡ ಅಂದರಂತೆ.
ಯಮನೂರ ಗೌಂಡಿ. ಗ್ರಾನೈಟ್ ಪಾಲಿಶ್ ಫ್ಯಾಕ್ಟರಿಯಲ್ಲಿ ಏಳು ವರ್ಷ;
ಮಾತಾಡಿಸಬೇಕೆಂದರೆ ಬಲಗಿವಿಯ ಕಡೆ ನಿಲ್ಲಬೇಕು.

ಇವರ ಕಚೇರಿ, ಬಂದ್ ಬಿದ್ದ ಬ್ಯಾಟರಿ ಅಂಗಡಿ.
"ಇಲ್ಲಿ ಚಾರ್ಜ್ ಮಾಡಿ ಕೊಡಲಾಗುವುದು" ಎಂಬ ಹಳೆಯ ಬೋರ್ಡು
ಇನ್ನೂ ತೆಗೆದಿಲ್ಲ. ಬೇಕಂತಲೇ.

ಅರ್ಜಿಯಲ್ಲಿ ವೃತ್ತಿ ಎಂಬ ಕಾಲಂ ಇತ್ತು.
ಮೂವರೂ ಮಾರಿ ಮಾರಿ ನೋಡಿಕೊಂಡರು.
ಕಸ್ತೂರಿ ಒಂದು ಅಕ್ಷರ ಬರೆದು ಕಾಟು ಹೊಡೆದಳು.
ಖಾಲಿ ಬಿಟ್ಟರೆ ಕಂಪ್ಯೂಟರ್ ತಗೊಳ್ಳಂಗಿಲ್ಲ ಅಂದೆ.
"ನೀವ ಏನರೆ ಹಾಕ್ರಿ ಅಕ್ಕಾರ," ಅಂದ ಮೌಲಾಲಿ.

ಫ್ಯಾಕ್ಟರಿ ಹಿಂದೆ ಎಸೆದ ಕೆಂಪು ಕಲ್ಲಿನ ಚೂರು,
ಅವುಗಳಿಂದ ಇಪ್ಪತ್ತೆರಡು ಅಡಿಯ ಬೆಂಚು.
ಸಿಮೆಂಟಿಲ್ಲ, ಮೊಳೆಯಿಲ್ಲ,
ಒಂದರ ಕೊರಳಿಗೆ ಇನ್ನೊಂದರ ಕೊಕ್ಕೆ.
"ಇದರ ಜೋಡಣೆಗೆ ಏನಂತೀರಿ?" ಎಂದರು ಎಂಜಿನಿಯರ್ ಸಾಹೇಬರು.
ಯಮನೂರ ಅಂದ: "ಕೊಂಡಿ."

ಮಾನ್ಯರೇ, ಇಲ್ಲಿ ಸ್ವಲ್ಪ ವಿವರ ಬೇಕಾಗುತ್ತದೆ.
ನಮ್ಮೂರ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ.
ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸಬೇಕು.
ನಮ್ಮವ್ವ ಮೂವತ್ತೊಂದು ವರ್ಷ ಅದನ್ನೇ ಮಾಡಿದಳು.
ಬೆರಳು ತುದಿ ನಾಲಿಗೆಗೆ ತಾಗಿಸಿ, ಎಳೆ ಹಿಡಿದು,
"ಭಾಳ ಬಿಗೀಬಾರದವ್ವಾ, ಬಿಗಿದರ ಮೊದಲ ಅಲ್ಲೇ ಹರೀತದ."
ಕೊಳ್ಳುವವರು ಅಂಚು ನೋಡಿದರು, ಸೆರಗು ನೋಡಿದರು,
ಕೊಂಡಿ ಯಾರೂ ನೋಡಲಿಲ್ಲ.
ಆಕೆ ನೇಕಾರಳೂ ಅಲ್ಲ, ಬಣ್ಣ ಹಾಕುವಾಕೆಯೂ ಅಲ್ಲ.
ಸಾಹುಕಾರರ ಕಿರ್ದಿಯಲ್ಲಿ ಆಕೆಯ ಕೂಲಿ
"ಇತರೆ ಖರ್ಚು" ಎಂಬ ಸಾಲಿನಲ್ಲಿ ಇರುತ್ತಿತ್ತು,
ಎಣ್ಣೆ, ಸೂಜಿ, ಚಹಾಪುಡಿಯ ಜೊತೆ.
ಆ ಶಬ್ದವನ್ನು ನಾನು ಓದಲು ಕಲಿತದ್ದು ಅಲ್ಲಿಯೇ.

ಮೊದಲ ಸಲ ಕಟ್ಟಿದ್ದು ಬಿತ್ತು.
ಯಮನೂರನ ಎಡಗಾಲ ಹೆಬ್ಬೆರಳಿನ ಉಗುರು ಹೋಯಿತು;
ಆ ಬಾಬ್ತು ತಮ್ಮ ಪಟ್ಟಿಯಲ್ಲಿಲ್ಲ, ನಮ್ಮದರಲ್ಲೂ ಇಲ್ಲ.
ಕೊಕ್ಕೆ ಭಾಳ ಬಿಗಿಯಾಗಿತ್ತು ಎಂದು ಕಸ್ತೂರಿ ಮತ್ತೆ ಬರೆದಳು,
ಕಲ್ಲು ಕಾದು ಉಬ್ಬಲು ಒಂದು ಕಡ್ಡಿಯಷ್ಟು ಜಾಗ ಬಿಟ್ಟು.
(ಅವಳಿಗೆ ನಮ್ಮವ್ವನ ಪರಿಚಯವಿಲ್ಲ.)
ಮೌಲಾಲಿ ಬಣ್ಣ ಮುಟ್ಟಲಿಲ್ಲ.
ಬೆನ್ನುಕಲ್ಲಿನ ಮೇಲಂಚನ್ನು ಹಲ್ಲು ಹಲ್ಲಾಗಿ ಕೊಯ್ಯಿಸಿದ, ಅಷ್ಟೇ.
ಸಂಜೆ ನಾಲ್ಕೂವರೆಗೆ ನೋಡಬೇಕು,
ನೆಲದ ಧೂಳಿನ ಮೇಲೆ ಸೆರಗಿನ ತೆನಿ ಬೀಳುತ್ತದೆ,
ಹುನಗುಂದದ ಬಸ್ಸು ಅದನ್ನು ತುಳಿದು ನಿಲ್ಲುತ್ತದೆ.

ಈಗಿನ ಸ್ಥಿತಿ: ಬಳಕೆಯಲ್ಲಿದೆ.
ಯಾರೋ ಬೋರ್‌ವೆಲ್ ನಂಬರ್ ಬರೆದಿದ್ದಾರೆ.
ಒಬ್ಬ ಹುಡುಗ ಸಂದಿಯೊಳಗೆ ಪೆನ್ಸಿಲ್ ತೂರಿಸಿ
ಇನ್ನೊಂದು ಕಡೆ ಬರುತ್ತದೋ ಎಂದು ಬಗ್ಗಿ ನೋಡುತ್ತಿದ್ದ;
ಅವನ ಬಸ್ಸು ಹೋಯಿತು.

ಮೊತ್ತ, ಹದಿನೆಂಟು ಸಾವಿರದ ನಾನೂರು. ವೋಚರ್ ಲಗತ್ತಿಸಿದೆ.
ಲೆಕ್ಕಶೀರ್ಷಿಕೆ ಬದಲಿಸುವುದು ತಮ್ಮ ಚಿತ್ತ.
ಸ್ಥಳ ಪರಿಶೀಲನೆಗೆ ಬರುವುದಾದರೆ ಬರ್ರಿ,
ಮಧ್ಯಾಹ್ನ ಮಾತ್ರ ಬ್ಯಾಡ್ರಿ, ಕಲ್ಲು ಸುಡುತ್ತದೆ.
ಅದೊಂದು ತಪ್ಪಾಗಿದೆ. ಕಸ್ತೂರಿಗೆ ಗೊತ್ತು.
ಬ್ಯಾಟರಿ ಅಂಗಡಿಯಲ್ಲಿ ರಾತ್ರಿ ಇನ್ನೂ ದೀಪ ಇರುತ್ತದೆ.