ಒಳಂಬ

ಮೊದಲ ದಿನ ಕಣ್ಣಿಗೆ ಮುಸುಕು ಹಾಕಿಸಿದರು.
ಮುಸುಕೆಂದರೆ ಪ್ಲಾಸ್ಟಿಕ್ಕಿನ ಮರೆ. ಹೊರಗಿನ ತೊಗರಿ ಹೊಲ,
ಶಹಾಬಾದಿನ ಕಲ್ಲುಗಣಿ, ಸಿಮೆಂಟ್ ಚಿಮಣಿ
ಎಲ್ಲ ಕತ್ತರಿಸಿ ಹೋಗಿ
ಎದುರಿಗೆ ಬರೀ ಆರು ಗಡಿಯಾರ.
"ಈಗ ನಿನ್ನ ಕಿವಿ ಮಾತಾಡುತ್ತದೆ" ಅಂದರು ಕರುಂಬಯ್ಯ ಸರ್.
"ಕೇಳು. ನಂಬಬೇಡ."

ಮಾತಾಡಿತು.
ನೆಟ್ಟಗಿದ್ದೀ ಅಂದಿತು,
ಮನೆಯವರು ಅನ್ನುವಷ್ಟು ಸಲೀಸಾಗಿ.
ಗಾಜಿನೊಳಗಿನ ಪುಟ್ಟ ರೆಕ್ಕೆ ಮಾತ್ರ ಎಡಕ್ಕೆ ವಾಲಿತ್ತು,
ಮೂವತ್ತು ಡಿಗ್ರಿ.
ತಿದ್ದಿದೆ. ತಿದ್ದಿದ್ದೇ ತಡ
ಇಡೀ ಮೈ ಬಲಕ್ಕೆ ಉರುಳಿತು,
ಬಾಯಿಗೆ ಬೆಳಗಿನ ಸೂಸಲಾ ಬಂತು,
ಕೈ ತಾನಾಗಿ ಮತ್ತೆ ಎಡಕ್ಕೆ ಎಳೆಯಹೊರಟಿತು.

ರಾತ್ರಿ ಅಪ್ಪನಿಗೆ ಹೇಳಿದೆ.
ಭೀಮಶ್ಯಾ ಗೌಂಡಿ, ನಲವತ್ತು ವರ್ಷ
ಕಲಬುರಗಿಯ ಗೋಡೆಗಳನ್ನು ನಿಲ್ಲಿಸಿದವ.
"ಒಳಂಬ ಒಯ್ಯಬೇಕಿಲ್ಲೇನ ಬೇ?
ಕಣ್ಣ ಸುಳ್ಳ ಹೇಳ್ತಾವ, ಮನಶ್ಯಾ ಹೇಳ್ತಾನ,
ದಾರಕ್ಕ ಕಟ್ಟಿದ ಗುಂಡ ಹೇಳಂಗಿಲ್ಲ."

ಹೇಳ್ತದ, ಅಪ್ಪಾ.
ಹದವಾಗಿ ತಿರುಗುವ ವಿಮಾನದೊಳಗೆ
ನಿನ್ನ ಹಿತ್ತಾಳೆ ಗುಂಡು ಭೂಮಿ ತೋರಿಸುವುದಿಲ್ಲ,
ನನ್ನ ಕಾಲಡಿಯ ತಗಡು ತೋರಿಸುತ್ತದೆ.
ಲೋಟದ ಚಹಾ ತುಳುಕುವುದಿಲ್ಲ.
ರಸಮಟ್ಟದ ಗುಳ್ಳೆ ನಡುವೆಯೇ ಕೂತಿರುತ್ತದೆ, ಸಂಭಾವಿತನ ಹಾಗೆ,
ಹೊಲಗಳೆಲ್ಲ ಪಕ್ಕದ ಕಿಟಕಿಗೆ ಬಂದು ನಿಂತಾಗಲೂ.

ಅಪ್ಪ ಸುಮ್ಮನಾದ.
ಅವನು ಅಷ್ಟು ಸುಮ್ಮನಿದ್ದದ್ದು ನಾನು ಕಂಡದ್ದು
ಗಂಜಿನಲ್ಲಿ ಸ್ಲ್ಯಾಬು ಕುಸಿದ ವರ್ಷ.

ತರಗತಿಯಲ್ಲಿ ಓದಿಸಿದ ವರದಿಯನ್ನು ಹೇಳಲಿಲ್ಲ.
ಚಂದ್ರನಿಲ್ಲದ ರಾತ್ರಿ, ಕೆಳಗೆ ಸಮುದ್ರ,
ಹನ್ನೊಂದು ಸಾವಿರ ಗಂಟೆ ಹಾರಿದ ಕ್ಯಾಪ್ಟನ್.
ಯಂತ್ರ ಯಾವುದೂ ಕೆಟ್ಟಿರಲಿಲ್ಲ.
"ಇದು ತಪ್ಪು ತೋರಿಸ್ತಿದೆ" ಅನ್ನುತ್ತಾನೆ.
ಪಕ್ಕದ ಹುಡುಗ ಮೂರು ಸಲ: "ಸರ್."
ಆಮೇಲೆ ಇಪ್ಪತ್ತೆರಡು ಸೆಕೆಂಡು ಟೇಪು ಓಡುತ್ತದೆ.

ಆ "ಸರ್" ನನಗೆ ಗೊತ್ತು.
ಗೋಡೆ ವಾಲಿದ್ದು ಕಂಡೂ
ಮಾಲಕರ ಮುಂದೆ ಅಪ್ಪ ಅದನ್ನೇ ಅಂದಿದ್ದ,
"ಧಣೇರ" ಅಂತ,
ಟವೆಲು ಹೆಗಲಿನಿಂದ ಕೈಗೆ ತಂದುಕೊಂಡು.

"ಮತ್ತ ಭೂಮಿ ಎಲ್ಲೈತಂತ ಯಾವ್ದ ಹೇಳ್ತದ?"
ಬಹಳ ಹೊತ್ತಿಗೆ ಕೇಳಿದ.
ಒಂದು ಬುಗುರಿ, ಅಂದೆ. ಗಾಜಿನ ಹಿಂದೆ ತಿರುಗುತ್ತಲೇ ಇರುತ್ತದೆ,
ನಾವು ಹೇಗೆ ಹೊರಳಿದರೂ ತನ್ನ ನಿಲುವು ಬಿಡುವುದಿಲ್ಲ.
"ಅದ ನಿಂತರ?"
ಅದಕ್ಕೇ ಆರು.
ಒಂದನ್ನೇ ದಿಟ್ಟಿಸುತ್ತ ಕೂತವರೂ ಸತ್ತಿದ್ದಾರೆ.

ಇಂದು ಸರಡಗಿಯ ಮೇಲೆ, ನನಗೆ ಮುಸುಕು,
ಸರ್ ಹಾರಿಸುತ್ತಿದ್ದರು. "ನೆಟ್ಟಗಿದ್ದೇವೆ" ಅಂದರು.
ಕಿವಿ ಹೌದೆಂದಿತು. ಸೊಂಟ ಹೌದೆಂದಿತು.
ಒಂದು ಗಡಿಯಾರ ನೋಡಿದೆ. ಇನ್ನೊಂದು. ಮತ್ತೊಂದು.
"ಇಲ್ಲ. ಎಡಕ್ಕೆ ಹದಿನೈದು. ಇಳೀತಿದ್ದೇವೆ."
ದನಿ ನನ್ನದಕ್ಕಿಂತ ದೊಡ್ಡದಾಗಿತ್ತು,
ಸರ್ ಅನ್ನುವುದು ಮರೆತೇಹೋಗಿತ್ತು.

ಬೇಕಂತಲೇ ವಾಲಿಸಿದ್ದರೋ ಏನೋ.
ಇಳಿದ ಮೇಲೆ ಕೇಳಲಿಲ್ಲ. ಅವರೂ ಹೇಳಲಿಲ್ಲ.